ಸ್ಪ್ರಿಂಗ್ ಗಟ್ಟಿಯಾದರೆ ಕಾರು ಚೆನ್ನಾಗಿ ತಿರುಗುತ್ತದೆಯೇ?

ಓದಿದ್ದು ಮೆಕ್ಯಾನಿಕಲ್, ಮಾಡುತ್ತಿರುವುದು ಕೋಡಿಂಗ್. ಆದರೂ ಹಳೇ ಹುಚ್ಚು ಬಿಟ್ಟಿಲ್ಲ ನೋಡಿ. ಹೋದ ವರ್ಷ ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ. ದುಡ್ಡು ಉಳಿಸೋಣ ಅಂತ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಇರಲಿ ಅಂದೆ. ಮಳೆಯಲ್ಲಿ ಘಾಟಿ ಇಳಿಯುವಾಗ, ಗುಂಡಿ ಬಿದ್ದ ಒಂದು ತಿರುವಿನಲ್ಲಿ ಮುಂದಿನ ಚಕ್ರಗಳು ಕುಪ್ಪಳಿಸಿ ಹಿಡಿತ ಬಿಟ್ಟವು. ಕಾರು ಸೀದಾ ರಸ್ತೆಯ ಆ ಬದಿಗೆ! ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ಮಾರಿಸ್ ಆಲಿ.

ಈ ಬ್ರಿಟಿಷ್ ಇಂಜಿನಿಯರ್ ರೋಲ್ಸ್ ರಾಯ್ಸ್‌ನಲ್ಲಿ ದುಡಿದು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಆಗಿನ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಬಲು ಗಟ್ಟಿ, ಹಿಂದಿನದು ಮೆತ್ತಗೆ. ಉಬ್ಬು ಸಿಕ್ಕರೆ ಕಾರು ಮುಂದಕ್ಕೂ ಹಿಂದಕ್ಕೂ ತೊಟ್ಟಿಲಿನಂತೆ ತೂಗುತ್ತಿತ್ತು. 1932ರಲ್ಲಿ ಆಲಿಯ ತಂಡ ಒಂದು ಏಳು ಸೀಟಿನ ಲಿಮೋಸಿನ್ ತೆಗೆದುಕೊಂಡು, ಅದರ ಮುಂದೆ ಹಿಂದೆ ಜರುಗಿಸಬಹುದಾದ ತೂಕಗಳನ್ನು ಕಟ್ಟಿತು. ಸ್ಪ್ರಿಂಗ್‌ಗಳ ಬಿಗಿಯನ್ನೂ ಬೇಕಾದಂತೆ ಬದಲಿಸಬಹುದಿತ್ತು. ಇದೇ 'ಕೆ-ಸ್ಕ್ವೇರ್ಡ್ ರಿಗ್'.

ಕಂಡುಬಂದದ್ದು ಸ್ವಾರಸ್ಯದ ಸಂಗತಿ. ಮುಂದಿನ ಚಕ್ರ ಉಬ್ಬು ಹತ್ತಿ ಸ್ವಲ್ಪ ಹೊತ್ತಾದ ಮೇಲೆ ಹಿಂದಿನದು ಹತ್ತುತ್ತದೆ. ಚಕ್ರಗಳ ಅಂತರ 3 ಮೀಟರ್, ವೇಗ ಗಂಟೆಗೆ 60 ಕಿ.ಮೀ. ಇದ್ದರೆ ಸುಮಾರು 0.18 ಸೆಕೆಂಡು ತಡ. ತಡವಾಗಿ ಕುಣಿತ ಶುರು ಮಾಡಿದ ಹಿಂಭಾಗ ಮುಂಭಾಗದ ತಾಳಕ್ಕೆ ಬರಬೇಕಾದರೆ ಅದು ತುಸು ಬೇಗ ಕುಣಿಯಬೇಕು. ಅಂದರೆ, ಹೊತ್ತ ಭಾರಕ್ಕೆ ಹೋಲಿಸಿದರೆ, ಮುಂದಿನ ಸ್ಪ್ರಿಂಗೇ ಮೆತ್ತಗಿರಬೇಕು!

ಆದರೆ ಎರಡು ಚಕ್ರಕ್ಕೂ ಒಂದೇ ಉದ್ದನೆಯ ಆಕ್ಸಲ್ ಇದ್ದ ಕಾಲ ಅದು. ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಚಕ್ರಗಳು ಗಡಗಡ ಅದುರುತ್ತಿದ್ದವು, ಸ್ಟೀರಿಂಗ್ ಕೈಗೆ ಸಿಗುತ್ತಿರಲಿಲ್ಲ. ಉಳಿದ ದಾರಿ ಒಂದೇ: ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. 1934ರ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಅದು ಬಂತು.

ಇನ್ನು ಶಾಕ್ ಅಬ್ಸಾರ್ಬರ್. ಮೊದಮೊದಲು ಬಂದವು ಬಿಲ್ಲೆಗಳ ತಿಕ್ಕಾಟದಿಂದ ಕೆಲಸ ಮಾಡುವಂಥವು. ಸಣ್ಣ ಉಬ್ಬಿಗೆ ಅಲುಗುತ್ತಲೇ ಇರಲಿಲ್ಲ, ದೊಡ್ಡದಕ್ಕೆ ಸಾಲುತ್ತಿರಲಿಲ್ಲ. ಎಣ್ಣೆ ತುಂಬಿದವು ಹಾಗಲ್ಲ, ಚಲನೆಯ ವೇಗ ಹೆಚ್ಚಿದಷ್ಟೂ ಹೆಚ್ಚು ತಡೆಯುತ್ತವೆ. ಇದರ ಲಾಭ ಪೂರ್ತಿ ಪಡೆದವನು ಲೋಟಸ್‌ನ ಕಾಲಿನ್ ಚಾಪ್ಮನ್. 1962ರ ಲೋಟಸ್ ಎಲಾನ್‌ನಲ್ಲಿ ಸ್ಪ್ರಿಂಗ್ ಮೆತ್ತಗೆ, ಅದಕ್ಕೆ ಸರಿಹೊಂದುವ ಡ್ಯಾಂಪರ್, ಕೆಳಗೆ ಬಾಗದ ಬೆನ್ನೆಲುಬಿನ ಚಾಸಿ. ಚಕ್ರ ರಸ್ತೆಗೆ ಅಂಟಿಕೊಂಡೇ ಇರುತ್ತಿತ್ತು. ಚೆನ್ನಾಗಿ ತಿರುಗುವ ಕಾರು ಅಂದರೆ ಇಂದಿಗೂ ಅದರ ಹೆಸರು ಹೇಳುತ್ತಾರೆ.

ನನ್ನ ತಪ್ಪು ಈಗ ತಿಳಿಯಿತಲ್ಲ? ಸ್ಪ್ರಿಂಗ್ ಒಂದೂವರೆ ಪಟ್ಟು ಗಟ್ಟಿಯಾದರೆ, ಅದೇ ಶಾಕ್ ಕೊಡುವ ಡ್ಯಾಂಪಿಂಗ್ ಅನುಪಾತ ಸುಮಾರು 18% ಇಳಿಯುತ್ತದೆ. ವೈಬ್ರೇಷನ್ ಪರೀಕ್ಷೆಯಲ್ಲಿ ಈ ಲೆಕ್ಕ ಸರಿಯಾಗಿ ಬರೆದು ಅಂಕ ತೆಗೆದುಕೊಂಡವನು ನಾನೇ!

ಹಳೇ ಸ್ಪ್ರಿಂಗ್ ವಾಪಸ್ ಹಾಕಿಸಿದ್ದೇನೆ, ಹೊಸ ಶಾಕ್ ಜೊತೆಗೆ. ತಿರುವಿನಲ್ಲಿ ಕಾರು ಸ್ವಲ್ಪ ವಾಲುತ್ತದೆ. ವಾಲಲಿ ಬಿಡಿ, ಚಕ್ರ ನೆಲದ ಮೇಲಿದೆ.