ಯೇಸುವಿನ ಯೆಹೂದ್ಯ ಮೂಲ

ಕ್ರೈಸ್ತಮತದ ಪ್ರವರ್ತಕನೆಂದು ಲೋಕಪ್ರಸಿದ್ಧನಾದ ನಜರೇತಿನ ಯೇಸು ಜನ್ಮದಿಂದಲೂ ಸಂಸ್ಕಾರದಿಂದಲೂ ಉಪಾಸನೆಯಿಂದಲೂ ಯೆಹೂದ್ಯನಾಗಿದ್ದು ಯೆಹೂದ್ಯನಾಗಿಯೇ ಮರಣವನ್ನಪ್ಪಿದನೆಂಬುದು ಇಂದಿನ ವಿದ್ವಾಂಸರಲ್ಲಿ ಬಹುಮಟ್ಟಿಗೆ ನಿರ್ವಿವಾದವಾದ ಸಂಗತಿ. ಆದರೆ ಅದು ಕೆಲವು ಶತಮಾನಗಳ ಕಾಲ ಮರೆವಿಗೆ ಸಂದು, ಒಮ್ಮೊಮ್ಮೆ ಬುದ್ಧಿಪೂರ್ವಕವಾಗಿಯೇ ಮರೆಮಾಚಲ್ಪಟ್ಟು, ಮತ್ತೆ ಬೆಳಕಿಗೆ ಬಂದ ಚರಿತ್ರೆ ಅಷ್ಟು ಸರಳವಾದುದಲ್ಲ. ನಮ್ಮಲ್ಲಿ ಇದನ್ನು ಕುರಿತು ಎರಡು ಗೊಂದಲಗಳುಂಟು: ಯೇಸು ಹೊಸದೊಂದು ಮತವನ್ನು ಸಂಕಲ್ಪಿಸಿ ಸ್ಥಾಪಿಸಿದನೆಂಬುದು ಮೊದಲನೆಯದು, ಆತನು ಭಾರತಕ್ಕೆ ಬಂದು ಕಲಿತುದನ್ನು ತನ್ನವರಿಗೆ ಬೋಧಿಸಿದನೆಂಬುದು ಎರಡನೆಯದು.

ಯೇಸುವಿನ ಜನನವು ಮಹಾ ಹೆರೋದನ ಮರಣಕ್ಕೆ, ಎಂದರೆ ಕ್ರಿ.ಪೂ. 4ಕ್ಕೆ, ತುಸು ಮುಂಚಿನದೆಂದೂ, ಶಿಲುಬೆಯ ಮರಣವು ಪೊಂತ್ಯ ಪಿಲಾತನು ಯೂದಾಯದ ಅಧಿಪತಿಯಾಗಿದ್ದ ಕ್ರಿ.ಶ. 26-36ರ ಅವಧಿಯಲ್ಲಿ ನಡೆಯಿತೆಂದೂ ಸಾಮಾನ್ಯವಾಗಿ ಒಪ್ಪುತ್ತಾರೆ. ಎಂಟನೆಯ ದಿನದ ಸುನ್ನತಿ, ಸಬ್ಬತ್ ದಿನದಂದು ಸಭಾಮಂದಿರದಲ್ಲಿ ಯೆಶಾಯನ ಪ್ರವಾದನೆಯ ವಾಚನ, ಪಸ್ಕ ಹಬ್ಬಕ್ಕೆ ಯೆರೂಸಲೇಮಿನ ಯಾತ್ರೆ, ಧರ್ಮಶಾಸ್ತ್ರ ವಿಧಿಸಿದಂತೆ ಉಡುಪಿನ ಅಂಚಿಗೆ ಕಟ್ಟಿದ ಗೊಂಡೆ, ಇವೆಲ್ಲವೂ ಸುವಾರ್ತೆಗಳಲ್ಲಿ ವಿಶೇಷ ಪ್ರಯತ್ನವಿಲ್ಲದೆ, ಹೇಳಬೇಕಾದ ಬೇರೆ ವಿಷಯದ ನಡುವೆ ಬಂದುಹೋಗುವುವು. ಆಜ್ಞೆಗಳಲ್ಲೆಲ್ಲ ಮುಖ್ಯವಾದುದು ಯಾವುದೆಂದು ಕೇಳಿದ ಶಾಸ್ತ್ರಿಗೆ, ದೇವರು ಒಬ್ಬನೇ ಎಂದು ಇಸ್ರಾಯೇಲರು ನಿತ್ಯವೂ ಪಠಿಸುವ ಘೋಷಣೆಯನ್ನೇ ಆತನು ಉತ್ತರವಾಗಿ ಕೊಟ್ಟನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ.

ವಿವಾದವಿರುವುದು ಫರಿಸಾಯರೆಂಬ ಯೆಹೂದ್ಯ ಪಂಗಡದವರೊಡನೆ ನಡೆದ ವಾಗ್ವಾದಗಳ ಸ್ವರೂಪದ ವಿಷಯದಲ್ಲಿ. ಸಬ್ಬತ್ತಿನಲ್ಲಿ ರೋಗಿಯನ್ನು ಗುಣಪಡಿಸಬಹುದೆ, ಊಟಕ್ಕೆ ಮುನ್ನ ಕೈತೊಳೆಯುವುದು ವಿಧಿಯೆ, ಹೆಂಡತಿಯನ್ನು ಬಿಡಲು ಯಾವ ಕಾರಣ ಸಾಕು ಎಂಬ ಪ್ರಶ್ನೆಗಳನ್ನು ಹಿಂದಿನ ವ್ಯಾಖ್ಯಾನಕಾರರು ಯೆಹೂದ್ಯಧರ್ಮದ ನಿರಾಕರಣೆಯೆಂದು ಓದಿದರು. ಆದರೆ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಗುರುಗಳ ಎರಡು ಶಾಲೆಗಳು ಇಂಥವೇ ಪ್ರಶ್ನೆಗಳನ್ನು ಹಿಡಿದು ತಮ್ಮತಮ್ಮಲ್ಲೇ ತೀವ್ರವಾಗಿ ವಾದಿಸಿದ್ದುಂಟು. ಶಾಸ್ತ್ರದ ಅರ್ಥಕ್ಕಾಗಿ ಜಗಳವಾಡುವವನು ಶಾಸ್ತ್ರವನ್ನು ಬಿಟ್ಟವನಲ್ಲವೆಂಬುದು ನಮ್ಮ ಮೀಮಾಂಸಕರ ಖಂಡನಮಂಡನಗಳನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆಹಾರವೆಲ್ಲ ಶುದ್ಧವೆಂದು ಯೇಸು ಸಾರಿದನೆಂಬ ಅರ್ಥದ ಮಾತು ಮಾರ್ಕನ ಏಳನೆಯ ಅಧ್ಯಾಯದಲ್ಲಿದ್ದರೂ, ಅದು ಸುವಾರ್ತಾಕಾರನ ಟಿಪ್ಪಣಿಯಾಗಿ ತೋರುವುದಲ್ಲದೆ ಗುರುವಿನ ವಾಕ್ಯವಾಗಿ ತೋರುವುದಿಲ್ಲ. ಗುರುವೇ ಹಾಗೆ ಅಪ್ಪಣೆ ಕೊಟ್ಟಿದ್ದರೆ, ಅಶುದ್ಧವಾದುದನ್ನು ತಾನೆಂದೂ ತಿಂದವನಲ್ಲವೆಂದು ಶಿಷ್ಯ ಪೇತ್ರನು ವರುಷಗಳ ಅನಂತರವೂ ಹಿಂಜರಿದನೇಕೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಸಮಾಧಾನ ದೊರೆಯದು. ಶಿಷ್ಯರು ದಿನವೂ ದೇವಾಲಯಕ್ಕೆ ಹೋಗುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ ಗ್ರಂಥವೇ ಹೇಳುತ್ತದೆ.

ಮರಣದ ವಿಷಯಕ್ಕೆ ಬಂದರೆ, ಶಿಲುಬೆಯು ರೋಮನರ ದಂಡನೆ. ತಲೆಯ ಮೇಲೆ ಬರೆದು ಹಚ್ಚಿದ ಆಪಾದನೆಯೂ ‘ಯೆಹೂದ್ಯರ ಅರಸ’ನೆಂಬ ರಾಜದ್ರೋಹದ್ದು. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರುಳ್ಳ ಶಿಲಾಲೇಖ ದೊರೆತು, ಆ ಅಧಿಕಾರಿಯ ಅಸ್ತಿತ್ವಕ್ಕೆ ಕಲ್ಲಿನ ಸಾಕ್ಷ್ಯವೂ ಸಿಕ್ಕಿತು. ಯೆಹೂದ್ಯ ಇತಿಹಾಸಕಾರ ಜೋಸೆಫಸನು ಸುಮಾರು ಕ್ರಿ.ಶ. 93ರಲ್ಲಿ ಮುಗಿಸಿದ ಪುರಾತನ ಚರಿತ್ರೆಯಲ್ಲಿ ಯೇಸುವನ್ನು ಎರಡೆಡೆ ಸ್ಮರಿಸುತ್ತಾನೆ. ದೀರ್ಘವಾದ ಉಲ್ಲೇಖದಲ್ಲಿ ಕ್ರೈಸ್ತ ಲಿಪಿಕಾರರ ಕೈ ಆಡಿರುವುದು ಸ್ಪಷ್ಟವಾದರೂ, ಯೇಸುವಿನ ಸಹೋದರ ಯಾಕೋಬನ ಮರಣವನ್ನು ಹೇಳುವ ಚಿಕ್ಕ ಉಲ್ಲೇಖವನ್ನು ಬಹುಜನ ವಿದ್ವಾಂಸರು ಸಾಚಾ ಎಂದೇ ಎಣಿಸುತ್ತಾರೆ.

ಯೆಹೂದ್ಯ, ಕ್ರೈಸ್ತ ಎಂಬ ಎರಡು ಮತಗಳು ಯಾವಾಗ ಬೇರೆಯಾದುವು ಎಂಬುದಕ್ಕೆ ಒಂದು ವರ್ಷವನ್ನು ಹೆಸರಿಸುವ ಅಭ್ಯಾಸ ಹಳೆಯ ಗ್ರಂಥಗಳಲ್ಲಿದೆ, ಅದು ಸಾಧುವಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ನಡೆದ ಸಮಾಲೋಚನೆಯಲ್ಲಿ ಅನ್ಯಜನಾಂಗದ ವಿಶ್ವಾಸಿಗಳಿಗೆ ಸುನ್ನತಿ ಅನಿವಾರ್ಯವಲ್ಲವೆಂದು ನಿರ್ಣಯವಾದುದೇ ಪ್ರಧಾನವಾದ ತಿರುವು. ಅಂತಿಯೋಕ್ಯದ ಪಂಕ್ತಿಭೋಜನದಲ್ಲಿ ಅಪೊಸ್ತಲ ಪೌಲನು ಪೇತ್ರನನ್ನು ಎದುರೆದುರೇ ಆಕ್ಷೇಪಿಸಿದ ಪ್ರಸಂಗವು ಆ ನಿರ್ಣಯ ಎಷ್ಟು ಅಸ್ಥಿರವಾಗಿತ್ತೆಂಬುದನ್ನು ತೋರಿಸುತ್ತದೆ. ಪೌಲನಾದರೂ ತಾನು ಇಸ್ರಾಯೇಲನೆಂಬ ಹೆಮ್ಮೆಯನ್ನು ತೊರೆದವನಲ್ಲ. 70ರಲ್ಲಿ ದೇವಾಲಯವು ನೆಲಸಮವಾಗಿ, ರೋಮನರ ವಿರುದ್ಧ 132-135ರಲ್ಲಿ ನಡೆದ ಬಾರ್ ಕೊಖ್ಬನ ದಂಗೆ ಮುರಿದುಬಿದ್ದ ಮೇಲೆ ಯೆಹೂದ್ಯ ವಿಶ್ವಾಸಿಗಳ ಮೂಲಸಭೆ ಕ್ಷೀಣಿಸಿತು. ಯಬ್ನೆ ಎಂಬ ಊರಿನ ಯೆಹೂದ್ಯ ಪಂಡಿತರು ಸುಮಾರು 90ರಲ್ಲಿ ಪಾಷಂಡಿಗಳ ವಿರುದ್ಧ ಶಾಪವಚನವನ್ನು ಪ್ರಾರ್ಥನೆಯಲ್ಲಿ ಸೇರಿಸಿ ಕ್ರೈಸ್ತರನ್ನು ಹೊರಹಾಕಿದರೆಂಬ ಕಥನವು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಪ್ರಚಾರ ಪಡೆಯಿತಾದರೂ ಈಗ ಅದಕ್ಕೆ ಮೊದಲಿನ ಮನ್ನಣೆಯಿಲ್ಲ. ಸುಮಾರು 144ರಲ್ಲಿ ಮಾರ್ಸಿಯನನೆಂಬ ಕ್ರೈಸ್ತ ಬೋಧಕನು ಯೆಹೂದ್ಯರ ಶಾಸ್ತ್ರಗಳನ್ನೆಲ್ಲ ತಳ್ಳಿಹಾಕಬೇಕೆಂದಾಗ ರೋಮಿನ ಸಭೆ ಆತನನ್ನೇ ತಳ್ಳಿಹಾಕಿತು. ಕ್ರೈಸ್ತರ ಕೈಯಲ್ಲಿ ಹಳೆಯ ಒಡಂಬಡಿಕೆ ಉಳಿದುದು ಹೀಗೆ. ಇತ್ತ ಯೇಸುವನ್ನು ಮೆಸ್ಸೀಯನೆಂದು ಒಪ್ಪಿಯೂ ಧರ್ಮಶಾಸ್ತ್ರವನ್ನು ಪಾಲಿಸುತ್ತಿದ್ದ ಎಬಿಯೋನಿಯರು ಪಾಷಂಡಿಗಳೆನಿಸಿದರು. ಇಷ್ಟೆಲ್ಲ ಆದಮೇಲೂ 386-387ರಲ್ಲಿ ಅಂತಿಯೋಕ್ಯದ ಪ್ರಸಂಗಿ ಜಾನ್ ಕ್ರಿಸೋಸ್ಟಮನು, ತನ್ನ ಸಭೆಯ ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೂ ಸಭಾಮಂದಿರಗಳಿಗೂ ಹೋಗುವರೆಂದು ಕಟುವಾಗಿ ನಿಂದಿಸಬೇಕಾಯಿತು. ಆ ನಿಂದೆಯೇ, ಜನರು ಇನ್ನೂ ಬೇರೆಯಾಗಿರಲಿಲ್ಲವೆಂಬುದಕ್ಕೆ ಪ್ರಬಲವಾದ ಪ್ರಮಾಣ.

ಮಧ್ಯಯುಗದ ಯೂರೋಪಿನಲ್ಲಿ ಯೆಹೂದ್ಯದ್ವೇಷ ಬೆಳೆದಂತೆ ಯೇಸುವಿನ ಕುಲ ಮಸುಕಾಯಿತು. ಯೇಸು ಹುಟ್ಟು ಯೆಹೂದ್ಯನೆಂದು 1523ರಲ್ಲಿ ಪುಸ್ತಿಕೆಯನ್ನೇ ಬರೆದ ಲೂಥರನು 1543ರಲ್ಲಿ ಆ ಜನಾಂಗದ ವಿರುದ್ಧ ವಿಷ ಕಾರಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಯೆಹೂದ್ಯ ಪಂಡಿತ ಅಬ್ರಹಾಂ ಗೈಗರನು ಯೇಸುವನ್ನು ಫರಿಸಾಯ ಪರಂಪರೆಯೊಳಗೇ ಇಟ್ಟು ನೋಡಿದನು. ಯೇಸು ಕ್ರೈಸ್ತನಲ್ಲ, ಯೆಹೂದ್ಯನೆಂದು 1905ರಲ್ಲಿ ಜರ್ಮನ್ ವಿದ್ವಾಂಸ ವೆಲ್‌ಹೌಸನ್ ಬರೆದನು. ಇದರ ಮಗ್ಗುಲಲ್ಲೇ ಆತನು ಆರ್ಯನೆಂಬ ಅಸಂಬದ್ಧ ವಾದವೂ ಹುಟ್ಟಿ, 1939ರಲ್ಲಿ ಐಸೆನಾಖಿನಲ್ಲಿ ಕ್ರೈಸ್ತಧರ್ಮದಿಂದ ಯೆಹೂದ್ಯಾಂಶವನ್ನು ಕಳೆಯುವ ಸಂಸ್ಥೆಯೊಂದು ಏರ್ಪಡುವವರೆಗೂ ಬೆಳೆಯಿತು. ಯೋಸೆಫ್ ಕ್ಲೌಸ್ನರ್ 1922ರಲ್ಲಿ ಹೀಬ್ರೂ ಭಾಷೆಯಲ್ಲಿ ಪ್ರಕಟಿಸಿದ ಯೇಸುಚರಿತ್ರೆ, 1947ರಿಂದ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತ ಸುರುಳಿಗಳು, ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಲಾಗದೆಂದು 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಪರಿಷತ್ತು ಮಾಡಿದ ಘೋಷಣೆ, ಯೇಸುವಿನ ಯೆಹೂದ್ಯತ್ವವನ್ನು ಕುರಿತ 1973ರ ಗೇಜಾ ವೆರ್ಮೆಶ್ ಅವರ ಗ್ರಂಥ, ಇವು ಇಂದಿನ ಅಭಿಪ್ರಾಯಕ್ಕೆ ದಾರಿಮಾಡಿದುವು.

ಭಾರತದಲ್ಲಿ ನಡೆದುದು ಬೇರೊಂದು ಬಗೆ. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿವಚನಗಳನ್ನು ಮಾತ್ರ ಆಯ್ದು ಪ್ರಕಟಿಸಿದರು; ಕೇಶವಚಂದ್ರ ಸೇನರು ಆತನನ್ನು ಏಷ್ಯದವನೆಂದು ಅಭಿಮಾನದಿಂದ ಸಾರಿದರು. ಪಶ್ಚಿಮದ ಪಾದ್ರಿಗಳ ಕೈಯಿಂದ ಯೇಸುವನ್ನು ಬಿಡಿಸಿಕೊಳ್ಳುವ ಈ ಉತ್ಸಾಹ ಸಹಜವಾದುದೇ ಆದರೂ, ಏಷ್ಯದವನಾದ ಯೇಸು ಏಷ್ಯದ ಯಾವ ಜನಾಂಗದವನೆಂಬ ಪ್ರಶ್ನೆ ಅದರಲ್ಲಿ ಹಿಂದೆ ಬಿತ್ತು. ಆ ತೆರವಿನಲ್ಲಿಯೇ 1894ರಲ್ಲಿ ನಿಕೊಲಸ್ ನೊಟೊವಿಚ್ ಎಂಬಾತನು, ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತವಾಸದ ಹಸ್ತಪ್ರತಿಯನ್ನು ಕಂಡೆನೆಂದು ಪುಸ್ತಕ ಬರೆದನು. ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಅದನ್ನು ಖಂಡಿಸಿದರು. ಮರುವರ್ಷ ಅಲ್ಲಿಗೇ ಹೋದ ಆಗ್ರಾದ ಪ್ರಾಧ್ಯಾಪಕ ಡಗ್ಲಸ್ ಅವರಿಗೆ ಮಠದ ಹಿರಿಯ ಲಾಮಾ ಅಂಥ ಗ್ರಂಥವೇ ಇಲ್ಲವೆಂದು ಹೇಳಿದನು. ಕಥೆ ಮಾತ್ರ ಇಂದಿಗೂ ಜೀವಂತವಾಗಿದೆ.

ಕನ್ನಡಕ್ಕೆ ಯೇಸುವಿನ ಚರಿತ್ರೆ ಸಮಗ್ರವಾಗಿ ಬಂದುದು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು 1831ರ ಹೊತ್ತಿಗೆ ಪೂರ್ಣಗೊಳಿಸಿದ ಬೈಬಲಿನ ಮೂಲಕ. ಅನಂತರ ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರು ಅದನ್ನು ಪರಿಷ್ಕರಿಸಿದರು. ಸತ್ಯವೇದದ ಪಠ್ಯದಲ್ಲಿ ಯೆಹೂದ್ಯತ್ವವೆಲ್ಲ ಹಾಗೆಯೇ ಉಳಿದಿದೆ, ಸಡಿಲವಾದುದು ಮರುಕಥನಗಳಲ್ಲಿ. ಫರ್ಡಿನೆಂಡ್ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಒಗ್ಗಿಸಿದರು, 1872ರ ‘ಯಜ್ಞಸುಧಾನಿಧಿ’ಯಲ್ಲಿ ಕ್ರಿಸ್ತನ ಬಲಿಯನ್ನು ವೈದಿಕ ಯಜ್ಞಸಂಪ್ರದಾಯಕ್ಕೆ ಎದುರಾಗಿಟ್ಟು ವಿವೇಚಿಸಿದರು. ಯೆರೂಸಲೇಮಿನ ಬಲಿಪೀಠವನ್ನು ಕಾಣದ ಓದುಗನಿಗೆ ಹೋತೃವಿನ ವೇದಿಕೆ ಹತ್ತಿರದ್ದು, ನಿಜ. ಆದರೆ ಹೀಗೆ ಹತ್ತಿರ ತಂದಷ್ಟೂ ಮೂಲದ ನೆಲ ದೂರವಾಗುವುದು ತಪ್ಪದು. ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನು ಕನ್ನಡ ಕಾವ್ಯದ ವಸ್ತುವಾಗಿಸಿದರು.

ಮಾಂಜ್ರಾ ನದಿಯ ಸೀಮೆಯ ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದುಗಳ ಕನ್ನಡಿಗರಲ್ಲಿ ಈ ವಿಷಯಕ್ಕೆ ವಿಶಿಷ್ಟವಾದೊಂದು ಹಿನ್ನೆಲೆಯಿದೆ. ಹೈದರಾಬಾದು ಸಂಸ್ಥಾನದಲ್ಲಿದ್ದ ಈ ಪ್ರದೇಶದಲ್ಲಿ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಬೀದರ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಗಿನ ಆಂಧ್ರಪ್ರದೇಶಕ್ಕೆ ಹೋದುವು. ಬಹಮನಿ ಕಾಲದಿಂದಲೂ ಇಸ್ಲಾಮೀ ವಿದ್ಯೆಯ ನೆಲೆಯಾಗಿದ್ದು, 1472ರಲ್ಲಿ ಮಹಮೂದ್ ಗವಾನನ ಮದ್ರಸಾ ಎದ್ದ ಬೀದರದ ಆಸುಪಾಸಿನಲ್ಲಿ, ಪಾದ್ರಿಗಳು ಬರುವುದಕ್ಕೆ ಶತಮಾನಗಳ ಮುಂಚೆಯೇ ಮರ್ಯಮಳ ಮಗ ಈಸಾ ನಬಿಯ ಹೆಸರು ಕೇಳಿಬಂದಿತ್ತು; ಕುರಾನ್ ಆತನನ್ನು ಬನೀ ಇಸ್ರಾಯೀಲರಿಗೆ ಕಳುಹಿಸಲ್ಪಟ್ಟ ಪ್ರವಾದಿಯೆಂದೇ ಕರೆಯುತ್ತದೆ, ಶಿಲುಬೆಯ ಮರಣವನ್ನು ಮಾತ್ರ ಒಪ್ಪುವುದಿಲ್ಲ. ಕ್ರೈಸ್ತರಿಗೂ ಮುಸಲ್ಮಾನರಿಗೂ ಯೇಸುವಿನ ಅಂತ್ಯದಲ್ಲಿ ಭೇದವುಂಟೇ ಹೊರತು ಆತನ ಕುಲದಲ್ಲಿಲ್ಲವೆಂಬುದನ್ನು ನಮ್ಮ ಸಂಗ್ರಹಗ್ರಂಥಗಳು ಗಮನಿಸುವುದು ಅಪೂರ್ವ.

ಹತ್ತೊಂಬತ್ತು-ಇಪ್ಪತ್ತನೆಯ ಶತಮಾನಗಳ ಸಂಧಿಕಾಲದಲ್ಲಿ ಬೀದರ, ವಿಕಾರಾಬಾದ್ ಕಡೆಯಿಂದ ಅಮೆರಿಕದ ಮೆಥಡಿಸ್ಟರೂ ಮೆದಕಿನ ಕಡೆಯಿಂದ ಇಂಗ್ಲೆಂಡಿನ ವೆಸ್ಲಿಯನ್ನರೂ ಈ ಸೀಮೆಯ ಸುತ್ತ ಸಭೆಗಳನ್ನು ಕಟ್ಟಿದರು. ಲೂಕನ ಎರಡನೆಯ ಅಧ್ಯಾಯದಲ್ಲಿ ಶಿಶುವಿಗೆ ಎಂಟನೆಯ ದಿನ ಸುನ್ನತಿಯಾಗಿ ಯೇಸುವೆಂದು ಹೆಸರಿಟ್ಟರೆಂಬ ವಾಕ್ಯವನ್ನು ಕೇಳುವ ಇಲ್ಲಿಯ ಕ್ರೈಸ್ತನಿಗೆ ಆ ಸಂಸ್ಕಾರ ಅಪರಿಚಿತವಲ್ಲ, ನೆರೆಯ ಮುಸಲ್ಮಾನರ ಮನೆಯಲ್ಲಿ ನಡೆಯುವುದು; ಅದನ್ನು ನಡೆಸುವ ಯೆಹೂದ್ಯ ಮನೆ ಮಾತ್ರ ಹತ್ತಿರದಲ್ಲೆಲ್ಲೂ ಇಲ್ಲ. ಕ್ರಿಸ್ಮಸ್ಸಿನಿಂದ ಎಣಿಸಿದರೆ ಎಂಟನೆಯ ದಿನವಾಗುವ ಜನವರಿ 1 ಪಾಶ್ಚಾತ್ಯ ಸಭೆಗಳ ಹಳೆಯ ಪಂಚಾಂಗದಲ್ಲಿ ಪ್ರಭುವಿನ ಸುನ್ನತಿಯ ಹಬ್ಬವೇ ಆಗಿತ್ತು. ರೋಮನ್ ಪಂಚಾಂಗವು 1960ರಲ್ಲಿ ಆ ಹೆಸರನ್ನು ಕೈಬಿಟ್ಟು, 1969ರಲ್ಲಿ ದಿನವನ್ನು ಮರಿಯಳಿಗೆ ಮೀಸಲಿಟ್ಟಿತು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಅದು ಹೊಸ ವರ್ಷದ ಆರಾಧನೆಯಾಗಿ ನಡೆಯುತ್ತದೆ.