ಗುಣಿ ತೋಡಿದವರ ಹೆಸರು

ನಮ್ಮ ರಾವಂದೂರು ಕಡೆ ಊರೊಳಗೆ ಯಾರು ಸತ್ತರೂ ಕೇರಿಗೆ ಕರೆ ಬರುತ್ತಿತ್ತು. ನೆಂಟರೂರಿಗೆ ಸಾವಿನ ಸುದ್ದಿ ಒಯ್ಯಬೇಕು, ತಮಟೆ ಬಡೀಬೇಕು, ಗುಣಿ ತೋಡಬೇಕು. ಉಳ್ಳವರ ಸಮಾಧಿಯ ಕಲ್ಲಲ್ಲಿ ಸತ್ತವನ ಹೆಸರು ಉಳೀತು. ತೋಡಿದವನ ಹೆಸರು ಎಲ್ಲಿ ಹೋಯ್ತು?

ಈ ಪ್ರಶ್ನೆ ಇಟ್ಟುಕೊಂಡು ಇಂಗ್ಲೆಂಡಿನ ಆಂಡ್ರೂ ಮಿಲ್ಲರ್ ಬರೆದ 'ಪ್ಯೂರ್' ಕಾದಂಬರಿ ಓದಬೇಕು. ಅಚ್ಚಾದದ್ದು 2011ರಲ್ಲಿ, ಕಥೆ 1785ರ ಪ್ಯಾರಿಸ್ಸಿನದು.

ಪ್ಯಾರಿಸ್ಸಿನ ಪೇಟೆಯ ನಡುವೆ ಲೆಜಿನೋಸಾಂ ಎಂಬ ಮಸಣ. ಶತಮಾನಗಳ ಕಾಲ ಬಡವರ ಹೆಣಗಳನ್ನು ಒಂದೇ ಗುಂಡಿಗೆ ನೂರಾರು ಲೆಕ್ಕದಲ್ಲಿ ತುಂಬಿದರು. 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಕುಸಿದು ಹೆಣಗಳು ಒಳನುಗ್ಗಿದವು. ಉಳ್ಳವರ ಮೂಗಿಗೆ ನಾತ ಬಡಿದಾಗ ದೊರೆಗೆ ಎಚ್ಚರವಾಯಿತು! ಮಸಣ ಮುಚ್ಚಿಸಿದರು, 1785ರಲ್ಲಿ ತೆರವಿನ ಆಜ್ಞೆ ಬಂತು. ರಾತ್ರಿ ಹೊತ್ತು, ಕಪ್ಪು ಬಟ್ಟೆ ಹೊದಿಸಿದ ಗಾಡಿಗಳಲ್ಲಿ, ಪಾದ್ರಿಗಳ ಮಂತ್ರದೊಡನೆ ಮೂಳೆಗಳು ಹಳೇ ಕಲ್ಲುಗಣಿಗೆ ಹೋದವು. ಮಸಣದ ಜಾಗದಲ್ಲಿ ತರಕಾರಿ ಸಂತೆ ಕೂತಿತು. 1789ರಲ್ಲಿ ಆ ದೊರೆಯ ವಿರುದ್ಧವೇ ಜನ ಎದ್ದರು.

ದೊರೆಯ ಆಜ್ಞೆ ದಾಖಲಾಗಿದೆ, ಪಾದ್ರಿಗಳು 1786ರ ಏಪ್ರಿಲ್ 7ರಂದು ಗಣಿಯನ್ನು ಪವಿತ್ರ ಮಾಡಿದ್ದೂ ದಾಖಲಾಗಿದೆ. ಅಗೆದವರು, ಮೂಳೆ ಹೊತ್ತವರು? ಮಿಲ್ಲರ್ ಗಣಿ ಕೂಲಿಗಳನ್ನು ಕಥೆಯೊಳಕ್ಕೆ ಕರೆತರುತ್ತಾನೆ, ಅದು ದೊಡ್ಡ ಮಾತೇ. ಆದರೂ ಕಥೆ ನೋಡುವ ಕಣ್ಣು ಕೂಲಿಯದಲ್ಲ, ಕೆಲಸ ಮಾಡಿಸುವ ಇಂಜಿನಿಯರನದು.

ನಮ್ಮ ತೋಟಿಯ ಚರಿತ್ರೆಯೂ ಹೀಗೇ ಮೇಲಿನವರ ಕಣ್ಣಲ್ಲಿದೆ. ವಂಶಪಾರಂಪರ್ಯದ ಗ್ರಾಮ ಚಾಕರಿಯನ್ನು 1961ರ ಕಾಯ್ದೆ ರದ್ದು ಮಾಡಿತು. ಕಾಯ್ದೆ ಪುಸ್ತಕದಲ್ಲಿ ಚಾಕರಿ ಹೋಯ್ತು. ಸಾವಿನ ಮನೆಯಿಂದ ಕೇರಿಗೆ ಕರೆ ಬರೋದು ಅಷ್ಟು ಬೇಗ ನಿಲ್ಲಲಿಲ್ಲ. ಇತರರಿಗೆ ಗುಣಿ ತೋಡಿದ ಕೈಗಳಿಗೆ ತಮ್ಮವರನ್ನು ಹೂಳಲು ಎಷ್ಟೋ ಹಳ್ಳಿಯಲ್ಲಿ ತುಂಡು ನೆಲವಿರಲಿಲ್ಲ. ಹೊಳೆದಂಡೆ, ರಸ್ತೆಬದಿಯೇ ಗತಿ. ಮಸಣವಿಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ 2019ರಲ್ಲೂ ಹೈಕೋರ್ಟು ಸರ್ಕಾರಕ್ಕೆ ಹೇಳಬೇಕಾಯ್ತು.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಕೇರಿಯ ಹಿರಿಯರ ಹತ್ರ ಕೂತ್ಕೊಳ್ಳಿ. ಯಾರ ಗುಣಿ ಯಾರು ತೋಡಿದರು, ಕೂಲಿಗೆ ಏನು ಕೊಟ್ಟರು, ತೋಡಿದವನನ್ನು ಕೊನೆಗೆ ಎಲ್ಲಿ ಹೂತರು? ಹೆಸರು ಸಮೇತ ಬರೆದಿಡಿ. ಆ ಅಜ್ಜಂದಿರು ಹೋದರೆ ಹೇಳೋರು ಯಾರೂ ಇರೋಲ್ಲ.