ಜನರಲ್ ಪಾರ್ಕ್ ಮತ್ತು ಕೊರಿಯಾದ ಏಳಿಗೆ

ಯುಗಾದಿ ಊಟಕ್ಕೆ ಕೂತರೆ ಬಿಸಿಬೇಳೆಭಾತಿನ ಹಿಂದೆಯೇ ಒಂದು ಮಾತು ಬರುತ್ತದೆ: "ನಮ್ಮ ದೇಶಕ್ಕೆ ಹತ್ತು ವರ್ಷ ಒಬ್ಬ ಸರ್ವಾಧಿಕಾರಿ ಬೇಕು ಕಣ್ರೀ. ದಕ್ಷಿಣ ಕೊರಿಯಾ ನೋಡಿ!" ನೋಡಿಯೇಬಿಡೋಣವೆಂದು ನಾವು ಆ ದೇಶದ ಇತಿಹಾಸ ಓದಿದೆವು.

1961ರ ಮೇ 16ರಂದು ಮೇಜರ್ ಜನರಲ್ ಪಾರ್ಕ್ ಚುಂಗ್ ಹೀ ಸೈನ್ಯದ ಬಲದಿಂದ ಅಧಿಕಾರ ಹಿಡಿದರು. ಆಗ ಅಲ್ಲಿನ ತಲಾ ವರಮಾನ ವರ್ಷಕ್ಕೆ 100 ಡಾಲರಿಗೂ ಕಡಿಮೆ. ಪಾರ್ಕ್ ಅಕ್ರಮ ಸಂಪತ್ತಿನ ಆರೋಪ ಹೊರಿಸಿ ದೊಡ್ಡ ವ್ಯಾಪಾರಿಗಳನ್ನು ಬಂಧಿಸಿದರು, ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಆಮೇಲೆ ಅದೇ ವ್ಯಾಪಾರಿಗಳನ್ನು ಬಿಡಿಸಿ ಕಾರ್ಖಾನೆ ಕಟ್ಟಲು ಹಚ್ಚಿದರು. ಸಾಲ ಅಗ್ಗ, ಆದರೆ ಸರಕು ಹೊರದೇಶದಲ್ಲಿ ಮಾರಾಟವಾಗಬೇಕು. ನಮ್ಮಲ್ಲಿ ಆಗ ಲೈಸೆನ್ಸ್ ಸಿಕ್ಕವನು ಹೇಗೆ ತಯಾರಿಸಿದರೂ ನಡೆಯುತ್ತಿತ್ತು, ಅಲ್ಲಿ ನಡೆಯಲಿಲ್ಲ. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ರಲ್ಲಿ 1,000 ಕೋಟಿ ಮುಟ್ಟಿತು.

ಇದನ್ನು ಅಲ್ಲಗಳೆಯಲಾರೆವು. ಆದರೆ ರೋಗಿ ನಾಲ್ಕು ಔಷಧ ನುಂಗಿ ಗುಣವಾದರೆ, ಅತಿ ಕಹಿಯಾದದ್ದೇ ಗುಣ ಕೊಟ್ಟಿತೆಂದು ವೈದ್ಯರು ಹೇಳುವುದಿಲ್ಲ. ಪಾರ್ಕ್ ಬರುವ ಮುಂಚೆಯೇ, 1950ರ ಭೂಸುಧಾರಣೆಯಿಂದ ಗೇಣಿದಾರರು ಹೊಲದ ಒಡೆಯರಾಗಿದ್ದರು. ಮಕ್ಕಳು ಶಾಲೆ ಸೇರಿದ್ದರು. ಅಮೆರಿಕದ ನೆರವೂ ಮಾರುಕಟ್ಟೆಯೂ ಇದ್ದವು. 1965ರ ಒಪ್ಪಂದದಂತೆ ಜಪಾನ್ ಕೊಟ್ಟ ಹಣದ ಒಂದು ಪಾಲಿನಿಂದ ಪೊಹಾಂಗ್ ಉಕ್ಕಿನ ಕಾರ್ಖಾನೆ ಎದ್ದಿತು. ಅತ್ತ ಆಫ್ರಿಕದ ಜೈರ್‌ನಲ್ಲಿ 1965ರಿಂದ 1997ರವರೆಗೆ ಅಷ್ಟೇ ಬಿಗಿಯಾಗಿ ಆಳಿದ ಮೊಬುಟು, ದೇಶವನ್ನು ಬರಿದು ಮಾಡಿ ಹೋದ.

ಇನ್ನು ಬೆಲೆ ತೆತ್ತವರ ವಿಷಯ. ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ, ಹದಿನಾಲ್ಕು ಹದಿನೈದರ ಹೆಣ್ಣುಮಕ್ಕಳು ದಿನಕ್ಕೆ 14 ಗಂಟೆ ಹೊಲಿಯುತ್ತಿದ್ದರು. ಗಾಳಿಯೆಲ್ಲ ಅರಳೆ ಧೂಳು. ರಕ್ತ ಕೆಮ್ಮಿದ ಹುಡುಗಿಯೊಬ್ಬಳನ್ನು ಕೆಲಸದಿಂದ ತೆಗೆದರು. ಎಂ.ಬಿ.ಬಿ.ಎಸ್. ಓದುವಾಗ ಕ್ಷಯದ ವಾರ್ಡಿನಲ್ಲಿ ಅಂಥ ಕೆಮ್ಮು ನಾವೂ ಕೇಳಿದ್ದೇವೆ. ಚೊನ್ ತೆ ಇಲ್ ಎಂಬ ಹೊಲಿಗೆ ಕೆಲಸದ ಯುವಕ ತನ್ನ ಬಸ್ ಚಾರ್ಜಿನಲ್ಲಿ ಆ ಮಕ್ಕಳಿಗೆ ತಿಂಡಿ ಕೊಡಿಸಿ, ತಾನು ನಡೆದು ಮನೆ ಸೇರುತ್ತಿದ್ದ. ಅಧಿಕಾರಿಗಳಿಗೆ ಅರ್ಜಿ ಕೊಟ್ಟು ಕೊಟ್ಟು ಸೋತ. 1970ರ ನವೆಂಬರ್ 13ರಂದು ಮೈಗೆ ಬೆಂಕಿ ಹಚ್ಚಿಕೊಂಡ. ವಯಸ್ಸು 22. ಅವನು ಕೇಳಿದ್ದು ಹೊಸ ಕಾನೂನನ್ನಲ್ಲ. 1953ರಿಂದ ಪುಸ್ತಕದಲ್ಲಿದ್ದ ಕಾರ್ಮಿಕ ಕಾನೂನನ್ನು ಪಾಲಿಸಿ ಎಂದಷ್ಟೇ.

ಪಾರ್ಕ್ 1972ರಲ್ಲಿ ಸಂವಿಧಾನವನ್ನೇ ತಮಗೆ ಬೇಕಾದಂತೆ ಬರೆಸಿಕೊಂಡರು. 1979ರ ಅಕ್ಟೋಬರ್ 26ರಂದು ಊಟದ ಮೇಜಿನಲ್ಲಿ ಅವರ ಗುಪ್ತಚರ ಮುಖ್ಯಸ್ಥನೇ ಅವರನ್ನು ಗುಂಡಿಟ್ಟು ಕೊಂದ. ಮತ್ತೊಬ್ಬ ಜನರಲ್ ಬಂದ. 1987ರಲ್ಲಿ ಜನ ಬೀದಿಗಿಳಿದು ನೇರ ಚುನಾವಣೆಯ ಹಕ್ಕು ಪಡೆದರು. ಬೆಳವಣಿಗೆ ನಿಲ್ಲಲಿಲ್ಲ, ಕೂಲಿ ಏರಿತು.